ನಾಲ್ಕು ಪೆಟ್ಟಿಗೆ, ಒಂದು ಗುಡ್ಡ: ಕಾಸ್ಮಿಕ್ ಕಿರಣಗಳ ಮಳೆ ಹಿಡಿಯುವುದು ಹೇಗೆ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಣ ಪತ್ತೆಹಚ್ಚುವ ಡಿಟೆಕ್ಟರ್ ಒಂದೇ ಇದ್ದರೆ ಅದು ಏನು ಹೇಳಿದರೂ ನಂಬಬೇಡಿ. ಅದಕ್ಕೆ ಬಾಯಿ ಜಾಸ್ತಿ. ಆಕಾಶದಿಂದ ಬೀಳುವ ಮ್ಯೂಆನ್ ಅನ್ನುವ ಕಣ ಬಂದರೂ ಕೂಗುತ್ತದೆ, ಅಂದರೆ ಸಿಗ್ನಲ್ ಕೊಡುತ್ತದೆ, ಪಕ್ಕದ ಗೋಡೆಯ ಕಲ್ಲಿನಿಂದ ಬರುವ ಗಾಮಾ ಕಿರಣಕ್ಕೂ ಕೂಗುತ್ತದೆ, ಟೇಪಿನ ಸಂದಿಯಲ್ಲಿ ಬಿಸಿಲು ನುಸುಳಿದರೂ ಕೂಗುತ್ತದೆ, ಕೆಳಗಡೆ ಮನೆಯಲ್ಲಿ ಮಿಕ್ಸಿ ಹಾಕಿದರೂ ಕೂಗುತ್ತದೆ. ಆದರೆ ಹತ್ತು ಮೀಟರ್ ದೂರ ದೂರ ಇಟ್ಟ ನಾಲ್ಕು ಪೆಟ್ಟಿಗೆಗಳು ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗದೊಳಗೆ ಒಟ್ಟಿಗೆ ಕೂಗಿದವು ಅಂದರೆ ವಿಷಯ ಬೇರೆ. ಮೇಲಿಂದ ಏನೋ ಬಿದ್ದಿದೆ.

ಈ ಬರಹ ಅದನ್ನು ಹಿಡಿಯುವವರಿಗೆ. ಭೌತಶಾಸ್ತ್ರ ಮೇಷ್ಟ್ರುಗಳು, ಎಲೆಕ್ಟ್ರಾನಿಕ್ಸ್ ಹುಡುಗ ಹುಡುಗಿಯರು, ಬೆಸುಗೆ ಹಾಕಲು ಬರುವ ಯಾರಾದರೂ ಸರಿ. ಚಿಕ್ಕಮಗಳೂರು ಕಡೆ ಗೆಳೆಯನ ತೋಟದ ಮನೆಯ ತಾರಸಿಯ ಮೇಲೆ ನಾವು ಮಾಡಿದ್ದು ನಾಲ್ಕೇ ಪೆಟ್ಟಿಗೆಯ ಪುಟ್ಟ ಅರೇ, ಅಂದರೆ ಹರಡಿಟ್ಟ ಡಿಟೆಕ್ಟರ್ ಗುಂಪು. ದೊಡ್ಡದನ್ನು ನೋಡಬೇಕು ಅಂದರೆ ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗಬೇಕು. ಅಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್‌ನ ಗ್ರೇಪ್ಸ್-3 ಅನ್ನುವ ಅರೇ ಇದೆ. 2200 ಮೀಟರ್ ಎತ್ತರದಲ್ಲಿ, ಒಂದೊಂದು ಚದರ ಮೀಟರಿನ ಸುಮಾರು 400 ಡಿಟೆಕ್ಟರ್‌ಗಳು, ಎಂಟು ಮೀಟರ್ ಅಂತರದಲ್ಲಿ, ಒಟ್ಟು 25,000 ಚದರ ಮೀಟರ್ ಜಾಗದಲ್ಲಿ ಹರಡಿಕೊಂಡಿವೆ. ನಾವು ಕದ್ದ ಐಡಿಯಾಗಳೆಲ್ಲ ಹೆಚ್ಚುಕಮ್ಮಿ ಅಲ್ಲಿಯವೇ.

ಹಿಡಿಯುತ್ತಿರುವುದು ಏನನ್ನು?

ಬಾಹ್ಯಾಕಾಶದಿಂದ ಪ್ರೋಟಾನ್, ಹೀಲಿಯಂ, ಕಬ್ಬಿಣದ ನ್ಯೂಕ್ಲಿಯಸ್‌ಗಳು ಸದಾ ಭೂಮಿಗೆ ಬಂದು ಬೀಳುತ್ತಿರುತ್ತವೆ. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಸುಮಾರು 5300 ಮೀಟರ್ ಏರಿ, ಮೇಲೆ ಹೋದಷ್ಟೂ ವಿಕಿರಣ ಜಾಸ್ತಿ ಆಗುತ್ತದೆ ಅಂತ ತೋರಿಸಿದ್ದು ಇವನ್ನೇ. ಹೆಚ್ಚು ಶಕ್ತಿಯ ಒಂದು ಪ್ರೋಟಾನ್ 15–20 ಕಿಲೋಮೀಟರ್ ಮೇಲೆ ಗಾಳಿಯ ಪರಮಾಣುವಿಗೆ ಡಿಕ್ಕಿ ಹೊಡೆದರೆ ಬಲು ಬೇಗ ಒಡೆಯುವ ಕಣಗಳಾದ ಪಯಾನ್‌ಗಳು ಹುಟ್ಟುತ್ತವೆ. ಚಾರ್ಜ್ ಇಲ್ಲದ ಪಯಾನ್ ಆ ಕ್ಷಣವೇ ಎರಡು ಗಾಮಾ ಆಗುತ್ತದೆ. ಗಾಮಾ ಒಡೆದು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿ. ಆ ಜೋಡಿ ಮತ್ತೆ ಗಾಮಾ ಚೆಲ್ಲುತ್ತದೆ. ಒಂದು ಎರಡು, ಎರಡು ನಾಲ್ಕು, ಹೀಗೆ ಊರಲ್ಲಿ ಗಾಳಿಸುದ್ದಿ ಹಬ್ಬಿದ ಹಾಗೆ. ಚಾರ್ಜ್ ಇರುವ ಪಯಾನ್‌ಗಳು ಮ್ಯೂಆನ್ ಆಗಿ ಕೆಳಗೆ ಇಳಿಯುತ್ತವೆ. ಹಂಚಿಕೊಳ್ಳಲು ಶಕ್ತಿ ಉಳಿಯದಾದಾಗ ಹಬ್ಬುವುದು ನಿಲ್ಲುತ್ತದೆ, ಆಮೇಲೆ ಕಣಗಳು ಕಮ್ಮಿ ಆಗುತ್ತಾ ಹೋಗುತ್ತವೆ.

ಈ ಸರಪಳಿಯ ಲೆಕ್ಕವನ್ನು 1937ರಲ್ಲಿ ಕೊಟ್ಟವರಲ್ಲಿ ಹೋಮಿ ಭಾಭಾ ಒಬ್ಬರು, ಜೊತೆಗೆ ಭೌತವಿಜ್ಞಾನಿ ಹೈಟ್ಲರ್. ರಜೆಗೆ ಅಂತ ಭಾರತಕ್ಕೆ ಬಂದಿದ್ದ ಭಾಭಾ, ಯುದ್ಧ ಶುರುವಾದ್ದರಿಂದ ಇಲ್ಲೇ ಉಳಿದು ಬೆಂಗಳೂರಿನ ಐಐಎಸ್‌ಸಿಯಲ್ಲಿ ಕಾಸ್ಮಿಕ್ ಕಿರಣಗಳ ಕೆಲಸ ಶುರುಮಾಡಿದರು. ಕೋಲಾರದ ಚಿನ್ನದ ಗಣಿಯೊಳಗೆ ವರ್ಷಗಟ್ಟಲೆ ಮ್ಯೂಆನ್ ಅಳೆದ ಬಿ.ವಿ. ಶ್ರೀಕಂಠನ್ ನಂಜನಗೂಡಿನವರು. ಅಂದರೆ ಈ ವಿದ್ಯೆ ನಮಗೇನೂ ಹೊಸದಲ್ಲ.

ನೆಲಕ್ಕೆ ಬರುವ ಹೊತ್ತಿಗೆ ಈ ಕಣಗಳ ಮಳೆಯ ಆಕಾರ ಹೇಗಿರುತ್ತದೆ ಅನ್ನುವುದನ್ನು ಚೆನ್ನಾಗಿ ತಲೆಯಲ್ಲಿ ಇಟ್ಟುಕೊಳ್ಳಿ, ಮುಂದಿನ ಕೆಲಸ ಎಲ್ಲ ಇದರ ಮೇಲೇ ನಿಂತಿದೆ. ಅದು ದೋಸೆ. ನೂರಾರು ಮೀಟರ್ ಅಗಲ, ನಡುವೆ ಒಂದೆರಡು ಮೀಟರ್ ದಪ್ಪ, ಅಂಚು ಸ್ವಲ್ಪ ಮೇಲೆದ್ದಿರುತ್ತದೆ, ಯಾಕೆಂದರೆ ಅಂಚಿನ ಕಣಗಳು ಕೊಂಚ ತಡವಾಗಿ ಬರುತ್ತವೆ. ಈ ದೋಸೆ ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲಿ, ಅಂದರೆ ಒಂದು ನ್ಯಾನೊಸೆಕೆಂಡಿಗೆ 30 ಸೆಂ.ಮೀ. ಲೆಕ್ಕದಲ್ಲಿ ಬೀಳುತ್ತದೆ. ಓರೆಯಾಗಿ ಬಿದ್ದರೆ ಒಂದು ಕಡೆ ಮೊದಲು ತಾಗುತ್ತದೆ, ಇನ್ನೊಂದು ಕಡೆ ಆಮೇಲೆ. ಆ ಹಿಂದುಮುಂದನ್ನು ಅಳೆದರೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. 1938ರಲ್ಲಿ ಪಿಯೇರ್ ಓಜೆ ಆಲ್ಪ್ಸ್ ಬೆಟ್ಟದಲ್ಲಿ ಡಿಟೆಕ್ಟರ್‌ಗಳನ್ನು ದೂರ ಸರಿಸುತ್ತಾ ಹೋದಾಗ, ಸುಮಾರು 300 ಮೀಟರ್ ದೂರ ಇಟ್ಟರೂ ಅವು ಒಟ್ಟಿಗೆ ಕೂಗುವುದು ಕಂಡಿತು. ನಾವು ಮಾಡುವುದೂ ಅದೇ ಪ್ರಯೋಗ.

ಹೆಜ್ಜೆ 1: ಜಾಗ

ಎತ್ತರ ಯಾಕೆ ಬೇಕು? ಸಮುದ್ರಮಟ್ಟದಲ್ಲಿ ನಿಮ್ಮ ತಲೆಯ ಮೇಲೆ ಒಂದೊಂದು ಚದರ ಸೆಂಟಿಮೀಟರಿಗೂ ಸುಮಾರು 1030 ಗ್ರಾಂ ಗಾಳಿ ಕೂತಿದೆ. ಊಟಿಯಲ್ಲಿ ಅದು 800 ಗ್ರಾಂ. ಚೀನಾದ ಸಿಚುವಾನ್‌ನಲ್ಲಿ 4410 ಮೀಟರ್ ಎತ್ತರದಲ್ಲಿರುವ ಲಾಸೋ ಅರೇಯಲ್ಲಿ ಸುಮಾರು 600. ಇನ್ನೊಂದು ಕಡೆ, 10ರ ಘಾತ 15 ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಪ್ರೋಟಾನಿನ ಮಳೆ ತುಂಬು ಹರೆಯಕ್ಕೆ ಬರುವುದು 550–600 ಗ್ರಾಂ ಗಾಳಿ ದಾಟಿದ ಆಸುಪಾಸಿನಲ್ಲಿ. ಅಂದರೆ ಲಾಸೋದವರು ಮಳೆ ಜೋರಾಗಿರುವಾಗಲೇ ಹಿಡಿಯುತ್ತಾರೆ, ಮಂಗಳೂರಿನ ಕಡಲತೀರದಲ್ಲಿ ಕೂತವನಿಗೆ ಸಿಗುವುದು ಕೊನೆಯ ತುಂತುರು. ಶಕ್ತಿ ಕಡಿಮೆ ಇರುವ ಮಳೆಗಳಂತೂ ಕೆಳಗೆ ಬರುವ ಮೊದಲೇ ಸತ್ತುಹೋಗುತ್ತವೆ.

ನಮಗೆ ಸಿಕ್ಕಿದ್ದು ಸುಮಾರು 1200 ಮೀಟರ್. ಗಾಳಿ 900 ಗ್ರಾಂ ಹತ್ತಿರ. ದೊಡ್ಡ ಲಾಭ ಅಲ್ಲ, ಆದರೂ ಊರ ಮಟ್ಟಕ್ಕಿಂತ ವಾಸಿ. ನಿಮಗೆ ಎತ್ತರ ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಬೆಂಗಳೂರೇ 900 ಮೀಟರ್ ಮೇಲಿದೆ.

ಎತ್ತರಕ್ಕಿಂತ ಮುಖ್ಯವಾದ ಮೂರು ವಿಷಯಗಳಿವೆ. ಮೇಲೆ ದಪ್ಪ ಕಾಂಕ್ರೀಟ್ ಇರಬಾರದು, ಯಾಕೆಂದರೆ ಮಳೆಯ ಬಹುಪಾಲು ಎಲೆಕ್ಟ್ರಾನ್ ಮತ್ತು ಗಾಮಾ, ಅವು ಸ್ಲ್ಯಾಬಿನಲ್ಲೇ ನಿಂತುಬಿಡುತ್ತವೆ, ತಗಡಿನ ಶೀಟಾದರೆ ತೊಂದರೆ ಇಲ್ಲ. ಕರೆಂಟ್ ನೆಟ್ಟಗಿರಬೇಕು, ಅಥವಾ ಯುಪಿಎಸ್ ಇರಬೇಕು. ಮತ್ತು ದಿನಾ ಒಬ್ಬರು ಮೇಲೆ ಹತ್ತಿ ನೋಡಬೇಕು. ಮೂರನೆಯದು ಇಲ್ಲದಿದ್ದರೆ ಮೊದಲೆರಡು ಇದ್ದೂ ಪ್ರಯೋಜನವಿಲ್ಲ.

ಹೆಜ್ಜೆ 2: ಪೆಟ್ಟಿಗೆ

ಸಿಂಟಿಲೇಟರ್ ಅಂದರೆ ನೋಡಲು ದಪ್ಪ ಗಾಜಿನ ಹಲಗೆಯಂತಹ ಪ್ಲಾಸ್ಟಿಕ್. ಚಾರ್ಜ್ ಇರುವ ಕಣ ತೂರಿಹೋದರೆ ಒಳಗೆ ನೀಲಿ ಬೆಳಕಿನ ಸಣ್ಣ ಮಿಂಚು. ನಮ್ಮ ಹಲಗೆಗಳು 50 ಸೆಂ.ಮೀ. ಉದ್ದಗಲ, 2 ಸೆಂ.ಮೀ. ದಪ್ಪ. ಗ್ರೇಪ್ಸ್-3ರಲ್ಲಿ 5 ಸೆಂ.ಮೀ. ದಪ್ಪ, ಅದೂ ಊಟಿಯ ಲ್ಯಾಬಿನಲ್ಲೇ ತಯಾರಿಸಿದ್ದು. ಹೊಸ ಹಲಗೆ ದುಬಾರಿ. ಹಳೆಯ ಪ್ರಯೋಗ ಮುಗಿಸಿ ಮೂಲೆಗೆ ಹಾಕಿರುವ ಲ್ಯಾಬುಗಳಲ್ಲಿ ವಿಚಾರಿಸಿ, ನಾಚಿಕೆ ಬೇಡ. ಕೈಯಲ್ಲಿ ಹಿಡಿಯುವಾಗ ಕೈಗವಸು ಹಾಕಿ, ಬೆರಳ ಜಿಡ್ಡು ಪ್ಲಾಸ್ಟಿಕ್ಕನ್ನು ಮಬ್ಬು ಮಾಡುತ್ತದೆ. ಸ್ಪಿರಿಟ್ ಹಾಕಿ ಒರೆಸಲೇ ಬೇಡಿ, ಮೈಮೇಲೆಲ್ಲ ಕೂದಲೆಳೆಯಂತೆ ಬಿರುಕು ಬಿಡಬಹುದು. ಸೋಪಿನ ನೀರು ಸಾಕು.

ಸುತ್ತುವ ಕೆಲಸಕ್ಕೆ ಅವಸರ ಮಾಡಬೇಡಿ. ಮೊದಲು ಬಿಳಿ ಟೈವೆಕ್ ಹಾಳೆ, ಬೆಳಕು ಒಳಗೇ ಪುಟಿಯಲಿ ಅಂತ. ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಎರಡು ಸುತ್ತು. ಆಮೇಲೆ ಕಪ್ಪು ಟೇಪ್, ಮೂಲೆಗಳಿಗೆ ಮೂರು ಸುತ್ತು. ಮೂಲೆ ಅಂದೆನಲ್ಲ, ಅದರದ್ದೇ ಒಂದು ಕತೆ ಇದೆ.

ನಮ್ಮ ಮೂರನೇ ಪೆಟ್ಟಿಗೆ ಬೆಳಿಗ್ಗೆಯೆಲ್ಲ ಸಾಧು. ಸೆಕೆಂಡಿಗೆ ಅರವತ್ತು ಎಣಿಕೆ, ಉಳಿದವುಗಳ ಹಾಗೆಯೇ. ಮಧ್ಯಾಹ್ನ ಮೂರೂವರೆ ಆಯಿತು ಅಂದರೆ ಏರಲು ಶುರು. ನೂರು, ನಾನೂರು, ಸಾವಿರ. ಐದೂಕಾಲಿಗೆ ಮತ್ತೆ ಅರವತ್ತು. ನಾಲ್ಕು ದಿನ ಇದನ್ನು ನೋಡಿ, ಬಿಸಿ ಜಾಸ್ತಿ ಆಗಿ ಎಲೆಕ್ಟ್ರಾನಿಕ್ಸ್ ಕೆಟ್ಟಿದೆ ಅಂತ ವಾದ ಮಾಡಿದೆವು, ಫ್ಯಾನ್ ಇಟ್ಟೆವು, ಒದ್ದೆ ಗೋಣಿಚೀಲ ಹೊದಿಸಿದೆವು. ಗೋಣಿಚೀಲ ಹೊದಿಸಿದ ದಿನ ಸರಿಹೋಯಿತು! ಬಿಸಿಯೇ ಕಾರಣ ಅಂತ ಖುಷಿಪಟ್ಟೆವು. ಆಮೇಲೆ ಗೆಳೆಯನ ಅಮ್ಮ ಮೇಲೆ ಬಂದು, "ಆ ಮೂಲೆಗೆ ಮಾತ್ರ ಈಗ ಬಿಸಿಲು ಬೀಳೋದು ನೋಡ್ರಪ್ಪ, ಹಪ್ಪಳ ಒಣಗಿಸಿ ನನಗೆ ಗೊತ್ತು" ಅಂದರು. ಪಶ್ಚಿಮದ ಮೂಲೆಯ ಟೇಪ್ ಅಂಚು ಎದ್ದಿತ್ತು. ಉಗುರಿನಷ್ಟು. ಗೋಣಿಚೀಲ ತಡೆದಿದ್ದು ಬಿಸಿಯನ್ನಲ್ಲ, ಬೆಳಕನ್ನು.

ಹಾಗಾಗಿ ಪರೀಕ್ಷೆ ಹೀಗೆ ಮಾಡಿ: ರಾತ್ರಿ, ದೀಪ ಆರಿಸಿ, ಎಣಿಕೆ ಬರೆದುಕೊಳ್ಳಿ. ಆಮೇಲೆ ಜೋರು ಟಾರ್ಚ್ ಹಿಡಿದು ಒಂದೊಂದೇ ಅಂಚಿನ ಮೇಲೆ ನಿಧಾನವಾಗಿ ಓಡಿಸಿ. ಎಲ್ಲಿ ಎಣಿಕೆ ಏರುತ್ತದೋ ಅಲ್ಲಿ ತೂತು. ಒಬ್ಬರು ಟಾರ್ಚ್, ಒಬ್ಬರು ಎಣಿಕೆ ಓದುವವರು ಇದ್ದರೆ ಒಂದು ಪೆಟ್ಟಿಗೆಗೆ ಹತ್ತು ನಿಮಿಷ.

ಹೆಜ್ಜೆ 3: ಕಣ್ಣು

ಆ ಸಣ್ಣ ಮಿಂಚನ್ನು ನೋಡಲು ಫೋಟೊಮಲ್ಟಿಪ್ಲೈಯರ್ ಬೇಕು, ಎಲ್ಲರೂ ಪಿಎಂಟಿ ಅನ್ನುತ್ತಾರೆ. ಒಂದು ಎಲೆಕ್ಟ್ರಾನನ್ನು ಹತ್ತು ಲಕ್ಷ ಮಾಡಿ ಕೊಡುವ ಗಾಜಿನ ಕೊಳವೆ. ಈಗ ಸಿಲಿಕಾನ್ ಫೋಟೊಮಲ್ಟಿಪ್ಲೈಯರ್‌ಗಳೂ ಸಿಗುತ್ತವೆ, ಉಗುರಿನಷ್ಟು ಗಾತ್ರ, ಕೆಲವು ಹತ್ತು ವೋಲ್ಟ್ ಸಾಕು. ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ಇದನ್ನೇ. ಆದರೆ ಇದರ ಗೇನ್, ಅಂದರೆ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು, ತಾಪಮಾನದ ಜೊತೆ ಏರಿಳಿಯುತ್ತದೆ, ಗುಡ್ಡದ ಮೇಲೆ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಎಷ್ಟು ವ್ಯತ್ಯಾಸ ಅಂತ ಗೊತ್ತಲ್ವಾ, ಅದಕ್ಕೆ ತಕ್ಕ ಹಾಗೆ ವೋಲ್ಟೇಜ್ ತಿದ್ದುವ ಸರ್ಕ್ಯೂಟ್ ಹಾಕಿ. ಬೆಳಕನ್ನು ಅಷ್ಟು ಚಿಕ್ಕ ಕಣ್ಣಿಗೆ ತರಲು ಹಲಗೆಯಲ್ಲಿ ಸಣ್ಣ ಕಾಲುವೆ ಕೊರೆದು ಬಣ್ಣ ಬದಲಿಸುವ ಫೈಬರ್ ಕೂರಿಸಬೇಕು.

ನಾವು ಹಳೆಯ ಪಿಎಂಟಿಗಳನ್ನೇ ಬಳಸಿದೆವು. ಅದಕ್ಕೆ ಸಾವಿರ ವೋಲ್ಟಿಗಿಂತ ಮೇಲೆ ಬೇಕು. ಹೈವೋಲ್ಟೇಜ್ ಆನ್ ಇರುವಾಗ ಮುಚ್ಚಳ ತೆಗೆದರೆ ಪಿಎಂಟಿ ಕತೆ ಮುಗಿಯಿತು, ನಿಮ್ಮ ಕೈ ಕತೆಯೂ ಮುಗಿಯಬಹುದು. ಒಬ್ಬ ಹುಡುಗ "ಒಂದೇ ನಿಮಿಷ ಸಾರ್, ಒಳಗೆ ಇರುವೆ ಹೋಗಿದೆ" ಅಂತ ಮುಚ್ಚಳ ಎತ್ತಿದ. ಆ ಪಿಎಂಟಿ ಆಮೇಲೆ ಎಷ್ಟು ದಿನ ಕತ್ತಲಲ್ಲಿ ಇಟ್ಟರೂ ಗಲಾಟೆ ನಿಲ್ಲಿಸಲಿಲ್ಲ. ಅಂದಿನಿಂದ ನಿಯಮ: ಹೈವೋಲ್ಟೇಜ್ ಕೇಬಲ್ ಕಿತ್ತು ಕೈಯಲ್ಲಿ ಹಿಡಿದುಕೊಂಡವನೇ ಮುಚ್ಚಳ ತೆಗೆಯಬೇಕು.

ಪಿಎಂಟಿಯ ಮುಖಕ್ಕೂ ಸಿಂಟಿಲೇಟರಿಗೂ ನಡುವೆ ಆಪ್ಟಿಕಲ್ ಗ್ರೀಸ್ ತೆಳ್ಳಗೆ ಸವರಿ, ಗಾಳಿಗುಳ್ಳೆ ಉಳಿಯಬಾರದು. ಪಕ್ಕಕ್ಕೆ ಅಂಟಿಸಲು ಆಗದಿದ್ದರೆ ಊಟಿಯವರ ಹಳೆಯ ವಿಧಾನ ಇದೆ: ಒಳಗೆ ಬಿಳಿ ಬಣ್ಣ ಬಳಿದ ಅಲ್ಯೂಮಿನಿಯಂ ಗೋಪುರ, ಕೆಳಗೆ ಹಲಗೆ, ಸುಮಾರು 60 ಸೆಂ.ಮೀ. ಮೇಲೆ ಕೆಳಮುಖವಾಗಿ ನೋಡುವ ಪಿಎಂಟಿ. ಕಣ ಹಲಗೆಯ ಯಾವ ಭಾಗದಲ್ಲಿ ಹೊಕ್ಕರೂ ಬೆಳಕು ಹೆಚ್ಚುಕಮ್ಮಿ ಒಂದೇ ಸಮ ಸಿಗುತ್ತದೆ.

ಹೆಜ್ಜೆ 4: ಒಂದೊಂದನ್ನೂ ಪಳಗಿಸುವುದು

ಇಲ್ಲಿ ಪ್ರಕೃತಿ ನಮಗೆ ಪುಕ್ಕಟೆ ಅಳತೆಗೋಲು ಕೊಟ್ಟಿದೆ. ಮ್ಯೂಆನ್‌ಗಳು ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಬರುತ್ತವೆ. ನಮ್ಮ ಹಲಗೆ 2500 ಚದರ ಸೆಂಟಿಮೀಟರ್, ಅಂದರೆ ಸೆಕೆಂಡಿಗೆ ಸುಮಾರು 42. ಗುಡ್ಡದ ಮೇಲೆ ಸ್ವಲ್ಪ ಜಾಸ್ತಿ, ಜೊತೆಗೆ ಚಿಲ್ಲರೆ ಗಲಾಟೆ ಸೇರಿ ಅರವತ್ತು ಬಂದರೆ ಪೆಟ್ಟಿಗೆ ಆರೋಗ್ಯವಾಗಿದೆ ಅಂತ ಅರ್ಥ. ಹತ್ತು ಬಂದರೆ ಕುರುಡು. ಸಾವಿರ ಬಂದರೆ ಬೆಳಕು ಸೋರುತ್ತಿದೆ, ಇಲ್ಲವೇ ಥ್ರೆಶ್‌ಹೋಲ್ಡ್ (ಎಷ್ಟು ದೊಡ್ಡ ಸಿಗ್ನಲ್ ಬಂದರೆ ಎಣಿಸಬೇಕು ಅನ್ನುವ ಮಿತಿ) ತೀರಾ ಕೆಳಗಿದೆ.

ಪಲ್ಸ್‌ಗಳ ಎತ್ತರವನ್ನು ಒಂದು ಗಂಟೆ ಕೂಡಿಹಾಕಿ ಗ್ರಾಫ್ ಹಾಕಿ. ಎಡಗಡೆ ಗಲಾಟೆಯ ಇಳಿಜಾರು, ಅದರ ಬಲಕ್ಕೆ ಒಂದು ಗುಬ್ಬಿ, ಅಂದರೆ ಉಬ್ಬು. ಆ ಗುಬ್ಬಿಯೇ ಒಂಟಿ ಮ್ಯೂಆನ್. ಒಂದು ಸೆಂಟಿಮೀಟರ್ ಪ್ಲಾಸ್ಟಿಕ್ಕಿಗೆ ಸುಮಾರು 2 ಎಂಇವಿ (ಒಂದು ಎಂಇವಿ ಅಂದರೆ ಹತ್ತು ಲಕ್ಷ ಎಲೆಕ್ಟ್ರಾನ್‌ವೋಲ್ಟ್) ಲೆಕ್ಕದಲ್ಲಿ ನಮ್ಮ ಹಲಗೆಯಲ್ಲಿ ಅದು 4 ಎಂಇವಿ. ಇಳಿಜಾರಿಗೂ ಗುಬ್ಬಿಗೂ ನಡುವಿನ ತಗ್ಗಿನಲ್ಲಿ ಥ್ರೆಶ್‌ಹೋಲ್ಡ್ ಇಡಿ. ನಾಲ್ಕೂ ಪೆಟ್ಟಿಗೆಗಳಲ್ಲಿ ಗುಬ್ಬಿ ಒಂದೇ ಜಾಗಕ್ಕೆ ಬರುವ ಹಾಗೆ ವೋಲ್ಟೇಜ್ ಹೊಂದಿಸಿ. ಇನ್ನುಮುಂದೆ ಪಲ್ಸ್ ಗುಬ್ಬಿಯ ಐದರಷ್ಟು ದೊಡ್ಡದು ಬಂದರೆ "ಸುಮಾರು ಐದು ಕಣ ಬಿದ್ದವು" ಅಂತ ಓದಬಹುದು.

ಹೆಜ್ಜೆ 5: ಸಮಯ, ಸಮಯ, ಸಮಯ

ಪೆಟ್ಟಿಗೆಗಳನ್ನು 10 ಮೀಟರ್ ಚೌಕದ ನಾಲ್ಕು ಮೂಲೆಗೆ ಇಟ್ಟೆವು, ಎರಡು ತಾರಸಿ ಮೇಲೆ, ಎರಡು ಪಕ್ಕದ ಒಕ್ಕಣೆ ಕಣದ ದಿಬ್ಬದ ಮೇಲೆ. ದಿಕ್ಕು ತಿಳಿಯಲು ಮೂರು ಸಾಕು. ನಾಲ್ಕನೆಯದು ಸಾಕ್ಷಿಗೆ.

ಮಟ್ಟ ನೋಡಬೇಕು. 30 ಸೆಂ.ಮೀ. ಮೇಲೆ ಕೆಳಗೆ ಆದರೆ ಒಂದು ನ್ಯಾನೊಸೆಕೆಂಡ್ ಹೋಯಿತು. ಲೇಸರ್ ಗೀಸರ್ ಬೇಡ, ಗಾರೆ ಕೆಲಸದವರು ಬಳಸುವ ನೀರು ತುಂಬಿದ ಲೆವೆಲ್ ಪೈಪು ಸಾಕು, ಅರ್ಧ ಸೆಂಟಿಮೀಟರಿನ ಒಳಗೆ ಸಿಗುತ್ತದೆ. ಮಟ್ಟ ಒಂದೇ ಆಗದಿದ್ದರೂ ಪರವಾಗಿಲ್ಲ, ವ್ಯತ್ಯಾಸ ಎಷ್ಟು ಅಂತ ಬರೆದಿಟ್ಟುಕೊಂಡು ಲೆಕ್ಕದಲ್ಲಿ ಕಳೆಯಿರಿ.

ಕೇಬಲ್ ವಿಷಯಕ್ಕೆ ಬಂದರೆ, ಮಾಮೂಲಿ ಕೋಆಕ್ಸಿಯಲ್ ಕೇಬಲಿನಲ್ಲಿ ಸಿಗ್ನಲ್ ಒಂದು ಮೀಟರ್ ಹೋಗಲು ಸುಮಾರು 5 ನ್ಯಾನೊಸೆಕೆಂಡ್ ತೆಗೆದುಕೊಳ್ಳುತ್ತದೆ. ನಾಲ್ಕೂ ಕೇಬಲ್ ಒಂದೇ ಉದ್ದ ಇರಬೇಕು, ಹತ್ತಿರದ ಪೆಟ್ಟಿಗೆಗೆ ಮಿಕ್ಕಿದ್ದನ್ನು ಸುರುಳಿ ಸುತ್ತಿ ಬಿಡಿ. ಒಮ್ಮೆ ಪೂರ್ವದ ಕೇಬಲನ್ನು ಇಲಿ ಕಡಿಯಿತು. ಕತ್ತರಿಸಿ, ಎರಡು ಮೀಟರ್ ತುಂಡು ಸೇರಿಸಿ ಕನೆಕ್ಟರ್ ಹಾಕಿದೆವು. ಅದಾದ ಮೇಲೆ ಬಂದ ಮಳೆಗಳೆಲ್ಲ ಪಶ್ಚಿಮದ ಕಡೆಗೇ ವಾಲಿಕೊಂಡವು, ಪಕ್ಕದ ಮನೆಯ ಕೋಳಿಗೂಡಿನ ನೆತ್ತಿಯಲ್ಲಿ ಯಾವುದೋ ಮಹಾನಕ್ಷತ್ರ ಇದೆಯೇನೋ ಅನ್ನುವ ಹಾಗೆ. ಎರಡು ಮೀಟರ್ ಕೇಬಲ್ ಅಂದರೆ 10 ನ್ಯಾನೊಸೆಕೆಂಡ್, ಅಷ್ಟರಲ್ಲಿ ಬೆಳಕು 3 ಮೀಟರ್ ಹೋಗುತ್ತದೆ, 10 ಮೀಟರ್ ಅಂತರಕ್ಕೆ ಅದು 17 ಡಿಗ್ರಿ ಓರೆ. ಮಹಾನಕ್ಷತ್ರ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ಹಾಗಾಗಿ ಕೇಬಲ್ ಹಾಕಿದ ಮೇಲೆ ಒಂದು ಸಣ್ಣ ಪೆಟ್ಟಿಗೆ ಮಾಡಿ, ಅಂಗೈ ಅಗಲದ ಸಿಂಟಿಲೇಟರ್. ಅದನ್ನು ಸರದಿಯಂತೆ ಒಂದೊಂದು ದೊಡ್ಡ ಪೆಟ್ಟಿಗೆಯ ಮೇಲೆ ಇಟ್ಟು, ಎರಡನ್ನೂ ತೂರಿದ ಮ್ಯೂಆನ್‌ಗಳ ಸಮಯದ ವ್ಯತ್ಯಾಸ ಅಳೆಯಿರಿ. ಸಣ್ಣ ಪೆಟ್ಟಿಗೆಯ ಕೇಬಲ್ ಮಾತ್ರ ಬದಲಿಸಬೇಡಿ. ನಾಲ್ಕು ಸಂಖ್ಯೆ ಸಿಗುತ್ತವೆ, ಅವುಗಳ ಏರುಪೇರನ್ನು ಕಳೆದರೆ ನಾಲ್ಕೂ ಪೆಟ್ಟಿಗೆ ಒಂದೇ ಗಡಿಯಾರಕ್ಕೆ ಬಂದ ಹಾಗೆ.

ಹೆಜ್ಜೆ 6: ಒಟ್ಟಿಗೆ ಕೂಗಿದ್ದು ಯಾವಾಗ?

ಮಿತಿ ದಾಟಿದ ಪಲ್ಸನ್ನು ಮಾತ್ರ ಆರಿಸುವ ಡಿಸ್ಕ್ರಿಮಿನೇಟರ್ ಪ್ರತಿ ಪಲ್ಸಿಗೂ 100 ನ್ಯಾನೊಸೆಕೆಂಡ್ ಅಗಲದ ಚೌಕ ಸಿಗ್ನಲ್ ಕೊಡಲಿ. ಚೌಕದ ಕರ್ಣ 14 ಮೀಟರ್, ಬೆಳಕಿಗೆ 47 ನ್ಯಾನೊಸೆಕೆಂಡ್ ದಾರಿ, ಹಾಗಾಗಿ 100 ಧಾರಾಳ. ಆ ಸಿಗ್ನಲ್‌ಗಳು ಒಂದರ ಮೇಲೊಂದು ಬಿದ್ದರೆ ಟ್ರಿಗರ್, ಅಂದರೆ ಇದನ್ನು ಬರೆದಿಡು ಅನ್ನುವ ಸೂಚನೆ. ಬ್ರೂನೋ ರೋಸಿ 1930ರಲ್ಲಿ ವಾಲ್ವ್‌ಗಳಿಂದ ಮಾಡಿದ್ದ ಸರ್ಕ್ಯೂಟಿನ ಕೆಲಸ ಇದೇ. ಈಗ ನೂರಿನ್ನೂರು ರೂಪಾಯಿಯ ಲಾಜಿಕ್ ಚಿಪ್‌ಗಳಲ್ಲೂ ಆಗುತ್ತದೆ, ಎಫ್‌ಪಿಜಿಎ ಬೋರ್ಡ್ (ಒಳಗಿನ ಲಾಜಿಕ್ಕನ್ನು ನಾವೇ ಬರೆದುಕೊಳ್ಳಬಹುದಾದ ಚಿಪ್) ಇದ್ದರೆ ಇನ್ನೂ ಸುಲಭ.

ಈಗ ಆ ಮೊದಲ ಮಾತಿಗೆ ಬರೋಣ. ಯಾಕೆ ನಾಲ್ಕು? ಸುಮ್ನೆ ಆಕಸ್ಮಿಕವಾಗಿ ಒಟ್ಟಿಗೆ ಕೂಗುವುದು ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ಪ್ರತಿ ಪೆಟ್ಟಿಗೆ ಸೆಕೆಂಡಿಗೆ 60 ಸಲ ಕೂಗಿದರೆ, ಯಾವುದೇ ಎರಡು ಪೆಟ್ಟಿಗೆ ಆಕಸ್ಮಿಕವಾಗಿ ಜೊತೆಯಾಗುವುದು ಗಂಟೆಗೆ ಎರಡು ಮೂರು ಸಲ. ಮೂರು ಪೆಟ್ಟಿಗೆ ಜೊತೆಯಾಗುವುದು ಐದು ವರ್ಷಕ್ಕೆ ಒಮ್ಮೆ! ಆದರೆ ಟೇಪ್ ಎದ್ದು ಪ್ರತಿ ಪೆಟ್ಟಿಗೆಯೂ ಸಾವಿರ ಸಲ ಕೂಗುತ್ತಿದ್ದರೆ ಅದೇ ಮೂರರ ಜೊತೆ ದಿನಕ್ಕೆ ಎರಡು ಮೂರು ಸಲ ಸುಳ್ಳೇ ಆಗಿಬಿಡುತ್ತದೆ, ಎರಡರ ಜೊತೆಯಂತೂ ಗಂಟೆಗೆ ಏಳುನೂರು ದಾಟುತ್ತದೆ. ಟೇಪಿಗೆ ಯಾಕೆ ಅಷ್ಟು ಜೀವ ಬಿಟ್ಟೆವು ಅಂತ ಈಗ ಗೊತ್ತಾಯಿತಲ್ಲ.

ಗ್ರೇಪ್ಸ್-3ರಲ್ಲಿ ಈ ಜರಡಿ ಎರಡು ಹಂತದ್ದು. ಮೊದಲು ಸಾಲುಗಳ ನಡುವೆ 100 ನ್ಯಾನೊಸೆಕೆಂಡಿನ ಬೇಗದ ತಾಳೆ, ಆಮೇಲೆ ಕನಿಷ್ಠ ಹತ್ತು ಡಿಟೆಕ್ಟರ್ ಕೂಗಿರಬೇಕು ಅನ್ನುವ ಷರತ್ತು. ಹಾಗೆ ಜರಡಿ ಹಿಡಿದ ಮೇಲೂ ದಿನಕ್ಕೆ ಲಕ್ಷಗಟ್ಟಲೆ ಮಳೆಗಳು ಉಳಿಯುತ್ತವೆ. ನಮ್ಮಂಥ ನಾಲ್ಕು ಪೆಟ್ಟಿಗೆಗೆ ಗಂಟೆಗೆ ಕೆಲವು ಹತ್ತು ಸಿಗಬಹುದು. ಮೊದಲ ರಾತ್ರಿ ನಾಲ್ಕು ಸಿಕ್ಕರೂ ನಿದ್ದೆ ಬರುವುದಿಲ್ಲ, ಅದು ಬೇರೆ ಮಾತು.

ಪ್ರತಿ ಟ್ರಿಗರಿಗೂ ಬರೆದಿಡಬೇಕಾದದ್ದು: ನಾಲ್ಕೂ ಪೆಟ್ಟಿಗೆಯ ಸಮಯ, ನಾಲ್ಕೂ ಪಲ್ಸಿನ ಗಾತ್ರ, ಜಿಪಿಎಸ್ ಗಡಿಯಾರದ ಹೊತ್ತು, ಗಾಳಿಯ ಒತ್ತಡ, ಪೆಟ್ಟಿಗೆಯ ತಾಪಮಾನ. ಒತ್ತಡದ ಸೆನ್ಸರ್ ಅಗ್ಗ, ಇವತ್ತೇ ಹಾಕಿ. ಮೂರು ತಿಂಗಳಾದ ಮೇಲೆ ನೆನಪಾದರೆ ಹಳೆಯ ಡೇಟಾ ಅರ್ಧ ಕುರುಡು.

ಹೆಜ್ಜೆ 7: ಒಂದು ಮಳೆಯನ್ನು ಓದುವುದು

ಒಂದು ಲೆಕ್ಕ ಕೈಯಲ್ಲೇ ಮಾಡೋಣ. ನೈಋತ್ಯ ಮೂಲೆಯ ಪೆಟ್ಟಿಗೆ ಅ, ಅದರ ಪೂರ್ವಕ್ಕೆ ಆ, ಉತ್ತರಕ್ಕೆ ಇ, ಎದುರು ಮೂಲೆಯಲ್ಲಿ ಈ. ಕೇಬಲ್ ತಿದ್ದುಪಡಿ ಆದ ಮೇಲೆ ಸಮಯ ಹೀಗೆ ಬಂತು: ಅ ಸೊನ್ನೆ, ಆ 12 ನ್ಯಾನೊಸೆಕೆಂಡ್, ಇ 7, ಈ 21.

ಪೂರ್ವದ ಪೆಟ್ಟಿಗೆ ತಡ, ಅಂದರೆ ದೋಸೆ ಮೊದಲು ತಾಗಿದ್ದು ಪಶ್ಚಿಮಕ್ಕೆ. 12ನ್ನು 0.3 ಮೀಟರಿನಿಂದ ಗುಣಿಸಿದರೆ 3.6 ಮೀಟರ್, 10ರಿಂದ ಭಾಗಿಸಿದರೆ 0.36. ಉತ್ತರಕ್ಕೆ ಇದೇ ರೀತಿ 0.21. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 0.417. ಇದು ಓರೆಯ ಸೈನ್, ಅಂದರೆ ನೆತ್ತಿಯಿಂದ ಸುಮಾರು 25 ಡಿಗ್ರಿ ಕೆಳಗೆ. ದಿಕ್ಕು ಪಶ್ಚಿಮದಿಂದ ದಕ್ಷಿಣಕ್ಕೆ 30 ಡಿಗ್ರಿ.

ಈಗ ಸಾಕ್ಷಿಯನ್ನು ಕರೆಯಿರಿ. ದೋಸೆ ಪೂರ್ತಿ ಚಪ್ಪಟೆ ಆಗಿದ್ದರೆ ಎದುರು ಮೂಲೆಯ ‘ಈ’ ಪೆಟ್ಟಿಗೆಯಲ್ಲಿ 12 ಮತ್ತು 7 ಸೇರಿ 19 ಬರಬೇಕಿತ್ತು. ಬಂದದ್ದು 21. ಎರಡು ನ್ಯಾನೊಸೆಕೆಂಡ್ ವ್ಯತ್ಯಾಸ ಸಹಜ, ದೋಸೆಗೆ ದಪ್ಪವೂ ಇದೆ, ಅಂಚೂ ಎದ್ದಿದೆ. 45 ಬಂದಿದ್ದರೆ? ಆ ಘಟನೆಯನ್ನು ಬೇರೆ ಫೈಲಿಗೆ ಹಾಕಿ. ಅಳಿಸಬೇಡಿ, ನಂಬಲೂ ಬೇಡಿ. ನಮ್ಮ ಅಳತೆಯ ಅರೇಯಲ್ಲಿ ದಿಕ್ಕು ನಾಲ್ಕೈದು ಡಿಗ್ರಿ ಆಚೀಚೆ ಆಗುತ್ತದೆ, ಅದಕ್ಕಿಂತ ಜಾಸ್ತಿ ನಿಖರ ಅಂತ ಹೇಳಿಕೊಂಡರೆ ಯಾರೂ ನಂಬಬೇಡಿ.

ಶಕ್ತಿಯ ಲೆಕ್ಕ ನಾಲ್ಕು ಪೆಟ್ಟಿಗೆಯಿಂದ ಆಗುವುದಿಲ್ಲ. ಮಳೆಯ ನಡು ಎಲ್ಲಿ ಬಿತ್ತು ಅಂತ ಗೊತ್ತಿಲ್ಲದೆ ಹೇಗೆ ಹೇಳುತ್ತೀರಿ? ದೊಡ್ಡ ಮಳೆಯ ದೂರದ ಅಂಚೂ, ಚಿಕ್ಕ ಮಳೆಯ ನಡುವೂ ನಮ್ಮ ಪೆಟ್ಟಿಗೆಗಳಿಗೆ ಒಂದೇ ಥರ ಕಾಣಬಹುದು. ನೂರಾರು ಡಿಟೆಕ್ಟರ್ ಇರುವ ಕಡೆ ಕಣಗಳ ಸಾಂದ್ರತೆ ನಡುವಿನಿಂದ ದೂರ ಹೋದಂತೆ ಹೇಗೆ ಇಳಿಯುತ್ತದೆ ಅಂತ ನಿಶಿಮುರ, ಕಮಾಟ, ಗ್ರೈಸನ್ ಹೆಸರಿನ ಸೂತ್ರಕ್ಕೆ ಹೊಂದಿಸಿ, ಒಟ್ಟು ಕಣಗಳನ್ನು ಎಣಿಸಿ, ಆಮೇಲೆ ಕೋರ್ಸಿಕಾ ಅನ್ನುವ ಪ್ರೋಗ್ರಾಂನಲ್ಲಿ ಹುಟ್ಟಿಸಿದ ನಕಲಿ ಮಳೆಗಳ ಜೊತೆ ಹೋಲಿಸಿ ಶಕ್ತಿ ಹೇಳುತ್ತಾರೆ.

ಹೆಜ್ಜೆ 8: ನಿಮ್ಮ ಮೇಲೇ ಅನುಮಾನ

ಒಂದು ವಾರ ಓಡಿದ ಮೇಲೆ ನಾಲ್ಕು ಗ್ರಾಫ್ ಹಾಕಿ.

ಮೊದಲನೆಯದು, ನೆತ್ತಿಯಿಂದ ಎಷ್ಟು ಓರೆ ಅನ್ನುವುದು. 15ರಿಂದ 25 ಡಿಗ್ರಿಯ ಸುತ್ತ ಗುಂಪು ಇರಬೇಕು, 50 ದಾಟಿದವು ತೀರಾ ವಿರಳ, ಓರೆ ಜಾಸ್ತಿ ಆದಷ್ಟೂ ದಾಟಬೇಕಾದ ಗಾಳಿ ಜಾಸ್ತಿ. ಎರಡನೆಯದು, ದಿಕ್ಕು. ಸುತ್ತಲೂ ಹೆಚ್ಚುಕಮ್ಮಿ ಸಮ ಇರಬೇಕು. ಒಂದೇ ಕಡೆ ವಾಲಿದ್ದರೆ ಕೋಳಿಗೂಡನ್ನು ನೆನೆಸಿಕೊಂಡು ಕೇಬಲ್ ನೋಡಿ. ಮೂರನೆಯದು, ಒಂದು ಮಳೆಗೂ ಮುಂದಿನದಕ್ಕೂ ನಡುವಿನ ಬಿಡುವು. ಚಿಕ್ಕ ಬಿಡುವುಗಳು ಜಾಸ್ತಿ, ದೊಡ್ಡವು ಕಡಿಮೆ, ನಡುವೆ ಎಲ್ಲೂ ಗುಬ್ಬಿ ಇರಬಾರದು. ನಮ್ಮಲ್ಲಿ ಒಂದು ಗುಬ್ಬಿ ಬಂತು, ಹನ್ನೊಂದು ನಿಮಿಷಕ್ಕೆ ಸರಿಯಾಗಿ. ಫ್ರಿಜ್ಜಿನ ಕಂಪ್ರೆಸರ್.

ನಾಲ್ಕನೆಯದು ನನಗೆ ತುಂಬ ಇಷ್ಟ. ಗಂಟೆಗಂಟೆಯ ಎಣಿಕೆಯನ್ನೂ ಗಾಳಿಯ ಒತ್ತಡವನ್ನೂ ಒಂದರ ಕೆಳಗೊಂದು ಹಾಕಿ. ನಮ್ಮ ಕಡೆ ಒತ್ತಡ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ಬೆಳಿಗ್ಗೆ ಹತ್ತು ಮತ್ತು ರಾತ್ರಿ ಹತ್ತರ ಸುಮಾರಿಗೆ ಮೇಲೆ, ಮಧ್ಯಾಹ್ನ ನಾಲ್ಕು ಮತ್ತು ಬೆಳಗಿನ ಜಾವ ನಾಲ್ಕರ ಸುಮಾರಿಗೆ ಕೆಳಗೆ. ಒತ್ತಡ ಏರಿದರೆ ತಲೆ ಮೇಲೆ ಗಾಳಿ ಜಾಸ್ತಿ, ಮಳೆ ಕಮ್ಮಿ. ಒಂದು ಹೆಕ್ಟೊಪ್ಯಾಸ್ಕಲಿಗೆ ಎಣಿಕೆ ಅರ್ಧದಿಂದ ಒಂದು ಶೇಕಡಾ ಇಳಿಯಬೇಕು. ಒಂದು ದಿನದಲ್ಲಿ ಕಾಣುವುದಿಲ್ಲ, ತಿಂಗಳುಗಟ್ಟಲೆ ಕೂಡಿಸಿದರೆ ಕಾಣುತ್ತದೆ. ಕಂಡರೆ ನೀವು ಅಳೆಯುತ್ತಿರುವುದು ನಿಜವಾಗಿ ಆಕಾಶದಿಂದಲೇ ಬರುತ್ತಿದೆ, ಫ್ರಿಜ್ಜಿನಿಂದಲ್ಲ.

ದೊಡ್ಡವರು ಇದಕ್ಕೆ ಚಂದ್ರನನ್ನು ಬಳಸುತ್ತಾರೆ. ಚಂದ್ರ ಅರ್ಧ ಡಿಗ್ರಿ ಅಗಲ, ಅವನ ಹಿಂದಿನಿಂದ ಬರುವ ಕಾಸ್ಮಿಕ್ ಕಿರಣಗಳು ತಡೆಯಲ್ಪಡುತ್ತವೆ, ಆ ಜಾಗದಲ್ಲಿ ಒಂದು ನೆರಳು. ನೆರಳು ಸರಿಯಾದ ಜಾಗದಲ್ಲಿ ಬಿದ್ದರೆ ಅರೇಯ ಕಣ್ಣು ನೆಟ್ಟಗಿದೆ ಅಂತ ಅರ್ಥ. ನಮ್ಮ ಐದು ಡಿಗ್ರಿಯ ಕಣ್ಣಿಗೆ ಚಂದ್ರನ ಆಸೆ ಬೇಡ.

ಮ್ಯೂಆನ್ ಪೆಟ್ಟಿಗೆ, ಬೇಕಿದ್ದರೆ

ಐದನೇ ಪೆಟ್ಟಿಗೆಯನ್ನು ತಾರಸಿಯ ಕೆಳಗೆ, ಕಾಂಕ್ರೀಟು, ಮರಳು ಮೂಟೆಗಳ ಅಡಿಯಲ್ಲಿ ಇಟ್ಟರೆ ಎಲೆಕ್ಟ್ರಾನ್‌ಗಳು ಬಹಳಷ್ಟು ಮೇಲೇ ನಿಲ್ಲುತ್ತವೆ, ಒಳಗೆ ಬರುವುದು ಮುಖ್ಯವಾಗಿ ಮ್ಯೂಆನ್. ಇದರಿಂದ ಏನು ಲಾಭ? ಪ್ರೋಟಾನಿನ ಮಳೆಯಲ್ಲಿ ಮ್ಯೂಆನ್ ಜಾಸ್ತಿ, ಗಾಮಾ ಕಿರಣದ ಮಳೆಯಲ್ಲಿ ತೀರಾ ಕಮ್ಮಿ. ಪ್ರೋಟಾನಿಗೆ ಚಾರ್ಜ್ ಇರುವುದರಿಂದ ದಾರಿಯಲ್ಲಿ ಕಾಂತಕ್ಷೇತ್ರಗಳಲ್ಲಿ ತಿರುಗಿ ತಿರುಗಿ ಬರುತ್ತದೆ, ಹುಟ್ಟೂರು ಹೇಳುವುದಿಲ್ಲ. ಗಾಮಾ ನೇರ ಬರುತ್ತದೆ. ಲಾಸೋ 2021ರಲ್ಲಿ 1.4 ಪೆಟಾ (ಪೆಟಾ ಅಂದರೆ 10ರ ಘಾತ 15) ಎಲೆಕ್ಟ್ರಾನ್‌ವೋಲ್ಟಿನ ಗಾಮಾ ಹಿಡಿದೆವು ಅಂತ ಹೇಳಲು ಆಗಿದ್ದು ನೆಲದಡಿ ಹೂತಿಟ್ಟ ನೂರಾರು ಮ್ಯೂಆನ್ ಡಿಟೆಕ್ಟರ್‌ಗಳ ದೆಸೆಯಿಂದ.

ಊಟಿಯ ಮ್ಯೂಆನ್ ಟೆಲಿಸ್ಕೋಪ್ 560 ಚದರ ಮೀಟರಿನದು, ಆರು ಮೀಟರ್ ಉದ್ದದ 3712 ಉಕ್ಕಿನ ಕೊಳವೆಗಳು, ಮೇಲೆ ಕಾಂಕ್ರೀಟ್ ಗುಡ್ಡೆ. 2014ರ ಡಿಸೆಂಬರ್ 1ರಂದು ಗುಡುಗಿನ ಮೋಡ ಮೇಲೆ ಹಾದುಹೋದಾಗ ಮ್ಯೂಆನ್ ಎಣಿಕೆ ಸುಮಾರು 2 ಶೇಕಡಾ ಬಿತ್ತು. ಅದರಿಂದ ಆ ಮೋಡದೊಳಗೆ 1.3 ಗಿಗಾವೋಲ್ಟ್, ಅಂದರೆ 130 ಕೋಟಿ ವೋಲ್ಟ್ ಇತ್ತು ಅಂತ ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದರು. ಕಾಸ್ಮಿಕ್ ಕಿರಣ ನೋಡಲು ಕಟ್ಟಿದ್ದು, ಮೋಡದ ವೋಲ್ಟೇಜ್ ಹೇಳಿತು!

ಮಳೆಗಾಲ

ಇದು ನೀರಿನ ಮಳೆಯ ವಿಷಯ. ಜೂನ್ ಬಂತೆಂದರೆ ಪೆಟ್ಟಿಗೆಗಳನ್ನು ನೀಲಿ ಡ್ರಮ್ಮಿನ ಅರ್ಧ ಹೋಳಿನಿಂದ ಮುಚ್ಚಿ, ಕೆಳಗೆ ಇಟ್ಟಿಗೆ ಕೊಟ್ಟು ನೆಲದಿಂದ ಎತ್ತಿಡಿ. ಒಳಗೆ ಸಿಲಿಕಾ ಜೆಲ್ ಹಾಕಿ, ಬಣ್ಣ ತಿರುಗಿದರೆ ಒಲೆಯ ಪಕ್ಕ ಒಣಗಿಸಿ ಮತ್ತೆ ಹಾಕಿ. ಹೈವೋಲ್ಟೇಜ್ ಕನೆಕ್ಟರಿನ ಮೇಲೆ ತೇವ ಕೂತರೆ ಚಿಟಚಿಟ ಸದ್ದು ಬರುತ್ತದೆ, ಎಣಿಕೆ ಹುಚ್ಚೆದ್ದು ಏರುತ್ತದೆ. ಕೇಬಲನ್ನು ಪೈಪಿನೊಳಗೆ ತೂರಿಸಿ, ಎರಡೂ ತುದಿಗೆ ಸ್ಟೀಲ್ ಉಣ್ಣೆ ತುರುಕಿ, ಇಲಿ ಅದನ್ನು ಕಡಿಯುವುದಿಲ್ಲ.

ಸಿಡಿಲಿಗೆ ಅರ್ಥಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಹಾಕಿ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ಉದ್ದ ಕೇಬಲ್‌ಗಳು ಆಂಟೆನಾದ ಹಾಗೆ. ದೂರದಲ್ಲಿ ಮೊದಲ ಗುಡುಗು ಕೇಳಿದಾಗಲೇ ಕಂಪ್ಯೂಟರ್ ಕಡೆಯ ನಾಲ್ಕೂ ಕೇಬಲ್ ಕಿತ್ತುಬಿಡಿ. ಸಿಡಿಲು ತೀರಾ ಹತ್ತಿರ ಬಂದ ಮೇಲೆ ಕೇಬಲ್ ಮುಟ್ಟಲೂ ಬೇಡಿ, ತಾರಸಿ ಹತ್ತಲೂ ಬೇಡಿ. ಡೇಟಾ ಹೋದರೆ ಹೋಗಲಿ. ಕಿತ್ತ ಹೊತ್ತು ಮತ್ತು ಮತ್ತೆ ಸಿಕ್ಕಿಸಿದ ಹೊತ್ತನ್ನು ಗೋಡೆಗೆ ನೇತುಹಾಕಿದ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದಲೇ ಬರೆಯಿರಿ, ಮತ್ತು ಸಿಕ್ಕಿಸುವಾಗ ಯಾವ ಕೇಬಲ್ ಯಾವ ತೂತಿಗೆ ಅಂತ ನೋಡಿಕೊಳ್ಳಿ. ನಮ್ಮದರಲ್ಲಿ ಈಗ ನಾಲ್ಕಕ್ಕೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿದ್ದೇವೆ. ಪೂರ್ವಕ್ಕೆ ಹಳದಿ.